ರೂಮ್‌ಮೇಟ್ ಕದ್ದು ರೂಮ್ ಖಾಲಿ ಮಾಡಿದರೆ: ಮೊದಲ ಗಂಟೆಯಿಂದ ಕೋರ್ಟ್‌ವರೆಗೆ ಮಾಡಬೇಕಾದ್ದು

ಸಂಜೆ ಕೆಲಸ ಮುಗಿಸಿ ಬರುತ್ತೀರಿ. ಪಕ್ಕದ ಮಂಚ ಖಾಲಿ, ಅಲ್ಮೇರಾ ಬಾಗಿಲು ತೆರೆದಿದೆ, ನಿಮ್ಮ ಲ್ಯಾಪ್‌ಟಾಪ್ ಬ್ಯಾಗ್ ಇಲ್ಲ. ರೂಮ್‌ಮೇಟ್ ಫೋನ್ ಸ್ವಿಚ್ ಆಫ್. ಬೆಂಗಳೂರಿನ ಪಿಜಿಗಳಲ್ಲಿ, ಬ್ಯಾಚುಲರ್ ಮನೆಗಳಲ್ಲಿ ಇದು ಹೊಸದಲ್ಲ. ಬಹಳ ಜನ ಎರಡು ದಿನ ಸ್ನೇಹಿತರ ಹತ್ತಿರ ಹೇಳಿಕೊಂಡು, ಮೂರನೇ ದಿನ ಠಾಣೆಗೆ ಹೋಗಿ, 'ಕಳೆದುಹೋಗಿದೆ' ಎಂದು ಬರೆದುಕೊಟ್ಟು ಬರುತ್ತಾರೆ. ವಸ್ತು ಸಿಗುವ ದಾರಿ ಅಲ್ಲಿಗೇ ಅರ್ಧ ಮುಚ್ಚಿಹೋಗುತ್ತದೆ. ಈ ವಿಷಯದಲ್ಲಿ ಫಲ ಕೊಡುವುದು ಮೂರೇ: ಸಿಸಿಟಿವಿ ದೃಶ್ಯ ಅಳಿಯುವ ಮೊದಲು ಉಳಿಸಿಕೊಳ್ಳುವುದು, ವಸ್ತುವಿನ ಗುರುತಿನ ಸಂಖ್ಯೆ ಕೈಯಲ್ಲಿರುವುದು, ಮತ್ತು ದೂರಿನಲ್ಲಿ 'ಕಳ್ಳತನ' ಎಂಬ ಪದ ಇರುವುದು.

ಒಂದು ಮಾತು ಮೊದಲೇ. ಅವನು ಅಥವಾ ಅವಳು ಇನ್ನೂ ಗೇಟಿನಲ್ಲೇ ಇದ್ದು, ಲಗೇಜ್ ಆಟೋಗೆ ಏರಿಸುತ್ತಿರುವುದು ಕಂಡರೆ 112ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಾದರೆ ಹೊಯ್ಸಳ ಗಾಡಿ ಬರುತ್ತದೆ. ಪಿಜಿ ಮಾಲೀಕರನ್ನು, ಅಕ್ಕಪಕ್ಕದ ಇಬ್ಬರನ್ನು ಕರೆದು ನಿಲ್ಲಿಸಿಕೊಳ್ಳಿ. ಬ್ಯಾಗ್ ಕಿತ್ತುಕೊಂಡು ನೀವೇ ಹುಡುಕಬೇಡಿ, ರೂಮಿನೊಳಗೆ ಕೂಡಿಹಾಕಬೇಡಿ. ಅಕ್ರಮವಾಗಿ ಕೂಡಿಹಾಕುವುದೂ ಅಪರಾಧ. ಕದ್ದವರೇ ನಿಮ್ಮ ಮೇಲೆ ಪ್ರತಿದೂರು ಕೊಡಲು ಅಷ್ಟು ಸಾಕು.

ಮೊದಲ ಒಂದು ಗಂಟೆ

ರೂಮ್ ಗುಡಿಸಬೇಡಿ, ಬಟ್ಟೆ ಮಡಚಿಡಬೇಡಿ. ಬಾಗಿಲಿನಿಂದ ಶುರುಮಾಡಿ ಇಡೀ ರೂಮಿನ ಒಂದು ವಿಡಿಯೊ ಮಾಡಿ: ಬೀಗ, ಅಲ್ಮೇರಾ, ಅವರ ಖಾಲಿ ಜಾಗ, ನಿಮ್ಮ ವಸ್ತು ಇದ್ದ ಜಾಗ. ಬೀಗ ಮುರಿದಿದ್ದರೆ ಮುಟ್ಟದೆ ಹತ್ತಿರದಿಂದ ಫೋಟೊ ತೆಗೆಯಿರಿ. ಬೀಗ ಮುರಿದಿಲ್ಲ, ಕೀಲಿ ಬಳಸಿ ತೆಗೆದಿದ್ದಾರೆ ಎನ್ನುವುದೂ ಸಾಕ್ಷಿಯೇ. ಆ ಕೀಲಿ ಯಾರ ಯಾರ ಹತ್ತಿರ ಇತ್ತು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಆಮೇಲೆ ನೇರವಾಗಿ ಡಿವಿಆರ್, ಅಂದರೆ ಸಿಸಿಟಿವಿ ದೃಶ್ಯ ದಾಖಲಿಸುವ ಯಂತ್ರ ಇರುವ ಕಡೆ ಹೋಗಿ. ಪೊಲೀಸರಿಗಿಂತಲೂ ಮೊದಲು ಇದು ಏಕೆಂದರೆ, ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಯಂತ್ರ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಚಿಕ್ಕ ಡಿಸ್ಕ್, ಹೆಚ್ಚು ಕ್ಯಾಮೆರಾ ಇದ್ದರೆ ಕೆಲವೇ ದಿನಗಳಲ್ಲಿ ಎಲ್ಲವೂ ಹೋಗಿಬಿಡುತ್ತದೆ. ಬೆಂಗಳೂರಿನ ಪಿಜಿಗಳು ದೃಶ್ಯವನ್ನು 90 ದಿನ ಇಡಬೇಕೆಂದು 2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತ್ತು. ಕೋರಮಂಗಲದ ಪಿಜಿಯೊಂದರಲ್ಲಿ ನಡೆದ ಕೊಲೆಯ ನಂತರ ಬಂದ ನಿಯಮ ಅದು. ಮಾಲೀಕರಿಗೆ ಅದನ್ನು ನೆನಪಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ.

ದೃಶ್ಯ ತೆಗೆದುಕೊಳ್ಳುವಾಗ ಆಗುವ ತಪ್ಪುಗಳು ಇವು. ಡಿವಿಆರ್ ಗಡಿಯಾರ ಸಾಮಾನ್ಯವಾಗಿ ಕೆಲವು ನಿಮಿಷ, ಕೆಲವು ಸಲ ಗಂಟೆಗಟ್ಟಲೆ ಹಿಂದೆ ಮುಂದೆ ಇರುತ್ತದೆ. ಆದ್ದರಿಂದ ಡಿವಿಆರ್ ಪರದೆಯ ಸಮಯ ಮತ್ತು ನಿಮ್ಮ ಫೋನಿನ ಸಮಯ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು ಫೋಟೊ ತೆಗೆಯಿರಿ. ಪರದೆಯನ್ನು ಫೋನಿನಲ್ಲಿ ಶೂಟ್ ಮಾಡಿಕೊಂಡರೆ ಸಾಲದು; ಅದು ನಿಮ್ಮ ನೆನಪಿಗೆ ಮಾತ್ರ. ಅವರು ಲಗೇಜ್ ಹೊತ್ತು ಹೊರಟ ಹೊತ್ತಿಗಿಂತ ಎರಡು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿಕೊಂಡರೆ ಫೈಲ್ ಕುಗ್ಗಿ, ಅದರ ಹ್ಯಾಶ್ ಮೌಲ್ಯವೇ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬದಲಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು, ಅದರಲ್ಲಿ ಈ ಹ್ಯಾಶ್ ಮೌಲ್ಯ ಬರೆಯಬೇಕು. ಅದನ್ನು ಮಾಡಿಸುವ ಕೆಲಸ ತನಿಖಾಧಿಕಾರಿಯದು. ನಿಮ್ಮ ಕೆಲಸ ಮೂಲ ಹಾಳಾಗದಂತೆ ನೋಡಿಕೊಳ್ಳುವುದು.

ಮಾಲೀಕರು 'ಪೊಲೀಸರು ಬಂದರೆ ಮಾತ್ರ ಕೊಡ್ತೀನಿ' ಅಂದರೆ ಜಗಳ ಬೇಡ. 'ಅಣ್ಣ, ಇಂತಿಂಥ ದಿನಾಂಕದ ಇಷ್ಟು ಗಂಟೆಯ ದೃಶ್ಯ ಅಳಿಸದೆ ಇಡಿ, ಪೊಲೀಸ್ ದೂರು ಕೊಡ್ತಿದ್ದೀನಿ' ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಎರಡು ನೀಲಿ ಗೆರೆ ಬಂದರೆ ಆಮೇಲೆ 'ಗೊತ್ತಿರಲಿಲ್ಲ' ಎನ್ನಲಾಗುವುದಿಲ್ಲ. ಹಾಗೆಯೇ ಪಿಜಿ ರಿಜಿಸ್ಟರ್‌ನಲ್ಲಿ ರೂಮ್‌ಮೇಟ್ ಕೊಟ್ಟಿರುವ ಊರಿನ ವಿಳಾಸ, ಆಧಾರ್ ಪ್ರತಿ, ಕೆಲಸದ ಜಾಗ, ತುರ್ತು ಸಂಪರ್ಕದ ನಂಬರ್ ಇವನ್ನು ಪೊಲೀಸರಿಗೆ ಕೊಡಲು ತೆಗೆದಿಡುವಂತೆ ಕೇಳಿ. ಆಧಾರ್ ಪ್ರತಿಯನ್ನು ನೀವು ಎಲ್ಲಿಯೂ ಹಂಚಬಾರದು.

ಹಣ, ಸಿಮ್, ಖಾತೆ: ಇದೂ ಅದೇ ದಿನ

ಒಂದೇ ರೂಮಿನಲ್ಲಿ ಆರು ತಿಂಗಳು ಇದ್ದವರಿಗೆ ನಿಮ್ಮ ಫೋನಿನ ಪ್ಯಾಟರ್ನ್, ಕೆಲವು ಸಲ ಯುಪಿಐ ಪಿನ್ ಕೂಡ ಗೊತ್ತಿರುತ್ತದೆ. ಇದು ಹೊರಗಿನ ಕಳ್ಳನಿಗೂ ರೂಮ್‌ಮೇಟ್‌ಗೂ ಇರುವ ದೊಡ್ಡ ವ್ಯತ್ಯಾಸ.

ಫೋನ್ ಹೋಗಿದ್ದರೆ ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಪಿನ್ ನೀವೇ ಹೇಳಿದ್ದರೆ, ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂಬುದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹಾಕಿದ ನಿಯಮ. ಹಾಗಾಗಿ ನಿಮಿಷಕ್ಕೂ ಬೆಲೆ ಇದೆ. ಖಾತೆಯಿಂದ ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಲ್ಲಿ ಇರುವಾಗಲೇ ತಡೆಹಿಡಿಯುವ ವ್ಯವಸ್ಥೆ ಅದು. ಡ್ರಾ ಆದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ.

ನಂತರ ಸಿಮ್ ಬ್ಲಾಕ್ ಮಾಡಿಸಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅಂದರೆ ಒಟಿಪಿ ಬರುವುದಿಲ್ಲ. ಗಾಬರಿಯಾಗಬೇಡಿ, ವಂಚನೆ ತಡೆಯಲೆಂದೇ ಇರುವ ನಿಯಮ ಅದು.

ಫೋನ್ ಬ್ಲಾಕ್ ಮಾಡಲು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಸಿಇಐಆರ್ ವಿಭಾಗವಿದೆ. ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ), ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ ಬೇಕು. ಬಿಲ್ ಇದ್ದರೆ ಅದನ್ನೂ ಹಾಕಿ. ಐಎಂಇಐ ಫೋನಿನ ಡಬ್ಬದ ಮೇಲಿರುತ್ತದೆ, ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬಿಲ್ಲಿನಲ್ಲೂ ಇರುತ್ತದೆ. ಎರಡು ಸಿಮ್ ಫೋನಿಗೆ ಎರಡು ಐಎಂಇಐ ಇರುತ್ತವೆ, ಎರಡನ್ನೂ ಹಾಕಿ. ಬ್ಲಾಕ್ ಆದ ಫೋನಿಗೆ ಯಾರಾದರೂ ಹೊಸ ಸಿಮ್ ಹಾಕಿದರೆ ಅದರ ಸುಳಿವು ಪೊಲೀಸರಿಗೆ ಹೋಗುತ್ತದೆ. ಅಲ್ಲಿ ಸಿಗುವ ರಿಕ್ವೆಸ್ಟ್ ಐಡಿ ಜೋಪಾನ. ಫೋನ್ ಮರಳಿ ಸಿಕ್ಕಾಗ ಅನ್‌ಬ್ಲಾಕ್ ಮಾಡಲು ಅದೇ ಬೇಕು.

ಐಫೋನ್ ಆಗಿದ್ದರೆ 'ಫೈಂಡ್ ಮೈ'ನಲ್ಲಿ ಲಾಸ್ಟ್ ಮೋಡ್ ಹಾಕಿ. ಆದರೆ ಸಾಧನವನ್ನು ನಿಮ್ಮ ಖಾತೆಯಿಂದ ತೆಗೆಯಬೇಡಿ. ತೆಗೆದರೆ ಆಕ್ಟಿವೇಶನ್ ಲಾಕ್ ಹೋಗಿ, ಕದ್ದವರಿಗೆ ಮಾರಲು ಸಲೀಸಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಮೊದಲು ಲಾಕ್ ಮಾಡಿ, ಎಲ್ಲಿದೆ ಎಂಬ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಳಿಸುವ ಆಯ್ಕೆಯನ್ನು ಕೊನೆಗೆ ಬಳಸಿ, ಅಳಿಸಿದ ಮೇಲೆ ಜಾಗ ತೋರಿಸುವುದು ನಿಲ್ಲುತ್ತದೆ. ಜಾಗ ಕಂಡಿತೆಂದು ನೀವೇ ಹೋಗಿ ಬಾಗಿಲು ತಟ್ಟಬೇಡಿ. ಕಂಪನಿ ಲ್ಯಾಪ್‌ಟಾಪ್ ಆಗಿದ್ದರೆ ಅದೇ ದಿನ ಐಟಿ ವಿಭಾಗಕ್ಕೆ ಇಮೇಲ್ ಹೋಗಬೇಕು. ತಡ ಮಾಡಿದರೆ ಅದರ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಪ್ಯಾನ್, ಆಧಾರ್ ಹೋಗಿದ್ದರೆ ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿ. ನಂತರದ ತಿಂಗಳುಗಳಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕರಿಂದ ಒಂದೊಂದಾಗಿ ವರದಿ ತೆಗೆದು ನೋಡಿ. ವರ್ಷಕ್ಕೊಂದು ಪ್ರತಿಯೊಂದೂ ಉಚಿತ. ನಿಮ್ಮ ಹೆಸರಿನಲ್ಲಿ ಲೋನ್ ಆ್ಯಪ್ ಸಾಲ ಎದ್ದಿದ್ದರೆ ಅಲ್ಲಿ ಕಾಣುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಸಂಚಾರ್ ಸಾಥಿಯಲ್ಲೇ ನೋಡಬಹುದು.

ಏನೇನು ಹೋಗಿದೆ: ಪಟ್ಟಿಯ ಹದ

'ಒಂದು ಲ್ಯಾಪ್‌ಟಾಪ್, ಒಂದು ಸರ, ಸ್ವಲ್ಪ ದುಡ್ಡು' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಪ್ರತಿ ವಸ್ತುವಿಗೂ ಕಂಪನಿ, ಮಾಡೆಲ್, ಬಣ್ಣ, ಗುರುತಿನ ಸಂಖ್ಯೆ, ಕೊಂಡ ತಿಂಗಳು, ಕೊಂಡ ಬೆಲೆ, ಕೊನೆಯ ಸಲ ಯಾವಾಗ ನೋಡಿದಿರಿ, ಇಷ್ಟೂ ಬೇಕು. ಲ್ಯಾಪ್‌ಟಾಪ್ ಸೀರಿಯಲ್ ನಂಬರ್ ಡಬ್ಬದ ಮೇಲೆ, ಬಿಲ್ಲಿನಲ್ಲಿ, ಇಲ್ಲದಿದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಥವಾ ಆಪಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿ ಹುಡುಕಿ.

ಚಿನ್ನದ ವಿಷಯದಲ್ಲಿ ಗ್ರಾಂ ತೂಕ, ವಿನ್ಯಾಸ, ಹಾಕಿಕೊಂಡಿರುವ ಫೋಟೊ ಇರಲಿ. ಇತ್ತೀಚಿನ ವರ್ಷಗಳ ಹಾಲ್‌ಮಾರ್ಕ್ ಆಭರಣಗಳಲ್ಲಿ ಎಚ್‌ಯುಐಡಿ ಎಂಬ 6 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಬಿಲ್ಲಿನಲ್ಲಿ ಇಲ್ಲದಿದ್ದರೆ ಕೊಂಡ ಅಂಗಡಿಯವರನ್ನು ಕೇಳಿ. ಕದ್ದ ಚಿನ್ನ ಗಿರವಿ ಅಂಗಡಿಗೆ ಹೋಗುವುದೇ ಹೆಚ್ಚು. ಅಲ್ಲಿ 'ಇದು ನನ್ನದೇ' ಎಂದು ಸಾಧಿಸಲು ಈ ಗುರುತಿಗಿಂತ ಬಲವಾದದ್ದು ಇಲ್ಲ. ನಗದಿಗೆ ಗುರುತಿಲ್ಲ. ಆದರೂ ಎಟಿಎಂನಿಂದ ತೆಗೆದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಮಾತಿಗೆ ತೂಕ ಬರುತ್ತದೆ. ಮೊತ್ತವನ್ನು ಹಿಗ್ಗಿಸಿ ಬರೆಯಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಒಂಬತ್ತು ನಿಜವೂ ಅನುಮಾನಕ್ಕೆ ಬೀಳುತ್ತದೆ.

ಇದು ಕಳ್ಳತನವೋ, ನಂಬಿಕೆ ದ್ರೋಹವೋ, ಬರೀ ಬಾಕಿಯೋ

ಠಾಣೆಯಲ್ಲಿ ಕೇಸ್ ನಿಲ್ಲುವುದು, ಬೀಳುವುದು ಇಲ್ಲಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಕಲಂ ಸಂಖ್ಯೆಗಳು ಬದಲಾಗಿವೆ. ಹಳೆಯ 379, 380 ಎಂದು ಬರೆದುಕೊಂಡು ಹೋಗಬೇಡಿ.

ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸ್ವಾಧೀನದಲ್ಲಿದ್ದ ವಸ್ತುವನ್ನು ಒಯ್ದರೆ ಅದು ಕಳ್ಳತನ. ಸಾಮಾನ್ಯ ಕಳ್ಳತನ 303(2)ನೇ ಕಲಂ, 3 ವರ್ಷದವರೆಗೆ ಶಿಕ್ಷೆ. ಜನ ವಾಸಿಸುವ ಕಟ್ಟಡದೊಳಗೆ ಆದರೆ 305ನೇ ಕಲಂ, 7 ವರ್ಷದವರೆಗೆ. ಈ ವ್ಯತ್ಯಾಸ ಬರೀ ಶಿಕ್ಷೆಯದಲ್ಲ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳ್ಳತನವನ್ನು ಹೊಸ ಕಾನೂನು ಅಸಂಜ್ಞೇಯ ಎಂದು ಬೇರೆ ಇಟ್ಟಿದೆ. ಅದಕ್ಕೆ ಎಫ್‌ಐಆರ್ ಅಲ್ಲ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾತ್ರ ಆಗುತ್ತದೆ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. 305ಕ್ಕೆ ಅಂಥ ಕನಿಷ್ಠ ಮೊತ್ತವಿಲ್ಲ. ಆದ್ದರಿಂದ 'ನಾನು ವಾಸವಿರುವ ಕೊಠಡಿಯೊಳಗಿನಿಂದ' ಎಂಬ ಮಾತು ದೂರಿನಲ್ಲಿ ಇರಲೇಬೇಕು.

ನೀವೇ ಕೈಗೆ ಕೊಟ್ಟದ್ದನ್ನು ನುಂಗಿದರೆ ಅದು ಬೇರೆ. ನಾಲ್ಕು ಜನರ ಬಾಡಿಗೆಯನ್ನು ಒಬ್ಬರು ಗೂಗಲ್ ಪೇಯಲ್ಲಿ ಸಂಗ್ರಹಿಸಿ, ಮಾಲೀಕರಿಗೆ ಕಟ್ಟದೆ ಹೊರಟುಹೋಗುವುದು ತುಂಬಾ ನಡೆಯುತ್ತದೆ. ಅದು ಕಳ್ಳತನವಲ್ಲ, 316ನೇ ಕಲಂನ ಅಪರಾಧಿಕ ನಂಬಿಕೆ ದ್ರೋಹ, 5 ವರ್ಷದವರೆಗೆ ಶಿಕ್ಷೆ. 'ಮಾಲೀಕರಿಗೆ ಕಟ್ಟಲೆಂದೇ ಕೊಟ್ಟದ್ದು' ಎಂದು ತೋರಿಸುವ ಚಾಟ್ ಇದಕ್ಕೆ ಜೀವಾಳ.

ಕೈಸಾಲ ತೀರಿಸದೆ ಹೋದದ್ದು, ಕರೆಂಟ್ ಬಿಲ್ ಪಾಲು ಕೊಡದಿದ್ದದ್ದು ಅಪರಾಧವಲ್ಲ, ಸಿವಿಲ್ ಬಾಕಿ. ಇಬ್ಬರೂ ದುಡ್ಡು ಹಾಕಿ ಕೊಂಡ ಫ್ರಿಜ್ ಒಯ್ದರೂ ಬಹುತೇಕ ಸಿವಿಲ್ ವ್ಯಾಜ್ಯವೆಂದೇ ನೋಡುತ್ತಾರೆ. ಇವನ್ನು ಕಳ್ಳತನದ ದೂರಿನಲ್ಲಿ ಬೆರೆಸಬೇಡಿ. ಬೆರೆಸಿದ ಕೂಡಲೇ ಎದುರಿಗಿರುವ ಅಧಿಕಾರಿ 'ಇದು ನಿಮ್ಮಿಬ್ಬರ ದುಡ್ಡಿನ ವ್ಯವಹಾರ, ಕೋರ್ಟಿಗೆ ಹೋಗಿ' ಎನ್ನುತ್ತಾರೆ. ಲ್ಯಾಪ್‌ಟಾಪೂ ಅದರ ಜೊತೆಗೇ ಹೋಗುತ್ತದೆ.

ರೂಮ್‌ಮೇಟ್‌ಗೆ ಮೆಸೇಜ್ ಮಾಡಬೇಕೇ

ಚಿನ್ನ, ಫೋನ್ ಹೋಗಿದ್ದರೆ ಬೇಡ. ಮೆಸೇಜ್ ನೋಡಿದ ಗಂಟೆಯಲ್ಲೇ ಗಿರವಿ ಅಂಗಡಿಗೋ ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿಗೋ ಸೇರುತ್ತದೆ. ನೇರ ಠಾಣೆಗೆ ಹೋಗಿ. ಬಟ್ಟೆ, ಪುಸ್ತಕ, ಪಾತ್ರೆಯಂಥದ್ದಾಗಿ, ನಿಮಗೂ ಪೂರ್ತಿ ಖಾತ್ರಿ ಇಲ್ಲದಿದ್ದರೆ, ಸಿಸಿಟಿವಿ ಉಳಿಸಿಕೊಂಡ ಮೇಲೆ ಒಂದೇ ಒಂದು ಮೆಸೇಜ್ ಕಳಿಸಿ. ಹೀಗೆ:

'ನಿನ್ನೆ ನೀನು ರೂಮ್ ಬಿಟ್ಟ ಮೇಲೆ ನನ್ನ ಮಿಕ್ಸರ್ ಮತ್ತು ಕಪ್ಪು ಬ್ಯಾಗ್ ಕಾಣಿಸ್ತಿಲ್ಲ. ತಪ್ಪಿ ನಿನ್ನ ಲಗೇಜ್ ಜೊತೆ ಬಂದಿದ್ದರೆ ನಾಳೆ ಸಂಜೆ 6ರೊಳಗೆ ಪಿಜಿ ಆಫೀಸಿನಲ್ಲಿ ಕೊಟ್ಟುಬಿಡು.'

ಬೈಗುಳವಿಲ್ಲ, ಬೆದರಿಕೆಯಿಲ್ಲ, ಮರಳಿಸಲು ಮರ್ಯಾದೆಯ ದಾರಿ ಇದೆ. 'ಹೌದು ನನ್ನ ಹತ್ರ ಇದೆ' ಎಂಬ ಉತ್ತರ ಬಂದರೆ ಅದೇ ಸಾಕ್ಷಿ. 'ಐವತ್ತು ಸಾವಿರ ಕೊಡು, ಇಲ್ಲಾ ಕೇಸ್ ಹಾಕ್ತೀನಿ' ಎಂದರೆ ಸುಲಿಗೆಯ ಆರೋಪಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಫೋಟೊ ಹಾಕಿ 'ಕಳ್ಳ' ಎಂದು ಗ್ರೂಪಿಗೆ, ಇನ್‌ಸ್ಟಾಗ್ರಾಮ್‌ಗೆ ಹಾಕುವುದು ಮಾನನಷ್ಟಕ್ಕೆ ದಾರಿ.

ಮನೆಯವರ ನಂಬರ್ ನಿಮ್ಮಲ್ಲಿದ್ದರೆ ಒಂದು ಕರೆ ಕೆಲವು ಸಲ ಪೊಲೀಸರಿಗಿಂತ ಬೇಗ ಕೆಲಸ ಮಾಡುತ್ತದೆ. 'ಅಂಕಲ್, ನಮಸ್ಕಾರ, ನಾನು ನಿಮ್ಮ ಮಗನ ಜೊತೆ ರೂಮಿನಲ್ಲಿದ್ದವನು' ಎಂದು ಶುರುಮಾಡಿ, ಏನು ಕಾಣಿಸುತ್ತಿಲ್ಲ ಎಂಬುದನ್ನಷ್ಟೇ ಹೇಳಿ. ಕದ್ದಿದ್ದಾನೆ ಎನ್ನಬೇಡಿ. ಊರಿನಲ್ಲಿರುವ ತಂದೆ ತಾಯಿಗೆ ಆ ಮಾತಿನ ಭಾರ ದೊಡ್ಡದು, ಮತ್ತು ನಿಮ್ಮ ಊಹೆ ತಪ್ಪಿರಲೂಬಹುದು. ಮೂರನೆಯವರ ಹತ್ತಿರವೂ ಕೀಲಿ ಇತ್ತೇ, ಹೌಸ್‌ಕೀಪಿಂಗ್‌ನವರು ಬಂದಿದ್ದರೇ ಎಂದು ಮೊದಲು ನೀವೇ ಯೋಚಿಸಿ.

ಠಾಣೆಯಲ್ಲಿ

ಕಳ್ಳತನ ನಡೆದ ಜಾಗದ ಠಾಣೆಗೆ ಹೋಗುವುದು ಸಲೀಸು. ಹಬ್ಬಕ್ಕೆಂದು ಹಾಸನಕ್ಕೋ ಹುಬ್ಬಳ್ಳಿಗೋ ಹೋಗಿದ್ದಾಗ ವಿಷಯ ಗೊತ್ತಾದರೆ ಅಲ್ಲಿನ ಠಾಣೆಯಲ್ಲೂ ಜೀರೊ ಎಫ್‌ಐಆರ್ ಮಾಡಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಇಮೇಲ್ ಮೂಲಕ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ದೂರು ಎರಡು ಪ್ರತಿ ಬರೆಯಿರಿ. ಮಾದರಿ:

ಇವರಿಗೆ, ಪೊಲೀಸ್ ಇನ್‌ಸ್ಪೆಕ್ಟರ್, ____ ಪೊಲೀಸ್ ಠಾಣೆ.
ವಿಷಯ: ನಾನು ವಾಸವಿರುವ ಕೊಠಡಿಯೊಳಗಿನಿಂದ ಆದ ಕಳ್ಳತನದ ಬಗ್ಗೆ ದೂರು.
ನಾನು ____ ವಿಳಾಸದ ____ನೇ ನಂಬರ್ ಕೊಠಡಿಯಲ್ಲಿ ದಿನಾಂಕ ____ರಿಂದ ವಾಸವಾಗಿದ್ದೇನೆ. ಅದೇ ಕೊಠಡಿಯಲ್ಲಿ ____ ಎಂಬುವರು ವಾಸವಿದ್ದರು. ದಿನಾಂಕ ____ರ ಬೆಳಿಗ್ಗೆ ____ ಗಂಟೆಗೆ ನಾನು ಕೆಲಸಕ್ಕೆ ಹೊರಟಾಗ ಈ ಕೆಳಗಿನ ವಸ್ತುಗಳು ನನ್ನ ಅಲ್ಮೇರಾದಲ್ಲಿ ಇದ್ದವು. ಸಂಜೆ ____ ಗಂಟೆಗೆ ಬಂದಾಗ ಇರಲಿಲ್ಲ. ಈ ನಡುವೆ ಸದರಿಯವರು ನನಗೆ ತಿಳಿಸದೆ ಕೊಠಡಿ ಖಾಲಿ ಮಾಡಿಕೊಂಡು ಹೋಗಿರುತ್ತಾರೆ. ಮಧ್ಯಾಹ್ನ ____ ಗಂಟೆಗೆ ನನ್ನ ಬ್ಯಾಗ್ ಅವರ ಕೈಯಲ್ಲಿರುವುದು ಸಿಸಿಟಿವಿಯಲ್ಲಿ ಕಾಣುತ್ತದೆ. ಅವರ ಮೇಲೆ ನನಗೆ ಸಂಶಯವಿದೆ. ನನ್ನ ಒಪ್ಪಿಗೆ ಇಲ್ಲದೆ ವಸ್ತುಗಳನ್ನು ಕಳವು ಮಾಡಿದವರ ಮೇಲೆ ಕಾನೂನು ಕ್ರಮ ಜರುಗಿಸಿ, ವಸ್ತುಗಳನ್ನು ಪತ್ತೆ ಮಾಡಿಕೊಡಬೇಕಾಗಿ ಕೋರುತ್ತೇನೆ.

ಕಣ್ಣಾರೆ ನೋಡದಿದ್ದರೆ 'ಸಂಶಯವಿದೆ' ಎಂದೇ ಬರೆಯಿರಿ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಅಪರಾಧ, ಸಂಶಯ ಹೇಳುವುದು ಅಲ್ಲ.

ಠಾಣೆಯಲ್ಲಿ ಎದುರಾಗುವ ಒಂದು ತಿರುವಿನ ಬಗ್ಗೆ ಎಚ್ಚರ: 'ಇ-ಲಾಸ್ಟ್‌ನಲ್ಲಿ ಹಾಕಿಬಿಡಿ, ಸಿಮ್ಮಿಗೆ, ಸಿಇಐಆರ್‌ಗೆ ಅಷ್ಟು ಸಾಕು.' ರಾಜ್ಯ ಪೊಲೀಸರ ಇ-ಲಾಸ್ಟ್ ಕಳೆದುಹೋದ ವಸ್ತುಗಳಿಗೆ. ಅದರ ಮೇಲೆ ಯಾರೂ ರೂಮ್‌ಮೇಟ್‌ನನ್ನು ಕರೆಸಿ ವಿಚಾರಿಸುವುದಿಲ್ಲ. 'ಸರ್, ಕಳೆದುಹೋಗಿಲ್ಲ, ಕಳವಾಗಿದೆ, ವ್ಯಕ್ತಿಯ ವಿವರ ಇದೆ' ಎಂದು ವಿನಯವಾಗಿಯೇ, ಬಿಡದೆ ಹೇಳಿ. ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಬರೀ ಅರ್ಜಿ ಸ್ವೀಕೃತಿ ಕೊಟ್ಟರೆ ಅದು ಎಫ್‌ಐಆರ್ ಅಲ್ಲ. 3 ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯವರ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ಅದಕ್ಕಿಂತ ಹೆಚ್ಚು ದಿನ 'ನೋಡೋಣ' ಎಂದರೆ ಪ್ರಶ್ನಿಸಬಹುದು.

ದಾಖಲಿಸಲು ಒಪ್ಪದಿದ್ದರೆ ದೂರನ್ನು ಜಿಲ್ಲೆಯಲ್ಲಿ ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಿ ಆ ವಿಭಾಗದ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಅಫಿಡವಿಟ್ (ಶಪಥಪತ್ರ) ಸಹಿತ ಅರ್ಜಿ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವಿದೆ.

ಎಫ್‌ಐಆರ್ ಆದ ಮೇಲೆ

ಪೊಲೀಸರು ರೂಮಿಗೆ ಬಂದು ಮಹಜರು ಮಾಡುತ್ತಾರೆ. ಓದಿದ ಮೇಲೆಯೇ ಸಹಿ ಹಾಕಿ. ಬಿಲ್, ಡಬ್ಬ, ಪೆನ್‌ಡ್ರೈವ್ ಕೊಟ್ಟದ್ದಕ್ಕೆ ಬರೆಸಿಕೊಳ್ಳಿ, ಪ್ರತಿ ನಿಮ್ಮಲ್ಲಿರಲಿ. 90 ದಿನದೊಳಗೆ ತನಿಖೆಯ ಪ್ರಗತಿ ತಿಳಿಸುವುದು ಅವರ ಕರ್ತವ್ಯ.

ವಸ್ತು ಸಿಕ್ಕಿತು ಎಂದು ಕರೆ ಬಂದರೂ ಅವತ್ತೇ ಕೈಗೆ ಬರುವುದಿಲ್ಲ. ಅದು ಜಪ್ತಿಯಾದ ಮಾಲು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ವಶಕ್ಕೆ ಅರ್ಜಿ ಹಾಕಬೇಕು. ಬಿಲ್, ಸೀರಿಯಲ್ ನಂಬರ್ ಬೇಕಾಗುವುದು ಇಲ್ಲಿ. ಕೋರ್ಟ್ ಬಾಂಡ್ ಬರೆಸಿಕೊಂಡು, ಫೋಟೊ ತೆಗೆಸಿ, 'ಕರೆದಾಗ ಹಾಜರುಪಡಿಸಬೇಕು' ಎಂಬ ಷರತ್ತಿನ ಮೇಲೆ ಬಿಟ್ಟುಕೊಡುತ್ತದೆ. ಹಾಗಾಗಿ ಕೇಸ್ ಮುಗಿಯುವ ತನಕ ಆ ಲ್ಯಾಪ್‌ಟಾಪ್ ಮಾರುವಂತಿಲ್ಲ. ಕಂಪನಿಯದಾದರೆ ಕಂಪನಿಯ ಅಧಿಕಾರ ಪತ್ರ ಬೇಕು. ಪತ್ತೆಯಾಗದೆ ಪೊಲೀಸರು ಸಿ ರಿಪೋರ್ಟ್ ಹಾಕಿದರೆ ಅದರ ಪ್ರತಿ ಪಡೆಯಿರಿ, ವಿಮೆ ಇದ್ದರೆ ಕೇಳುತ್ತಾರೆ.

ಬಾಡಿಗೆ, ಅಡ್ವಾನ್ಸ್, ಬಿಟ್ಟುಹೋದ ಸಾಮಾನು

ಇಬ್ಬರ ಹೆಸರಿನಲ್ಲೂ 11 ತಿಂಗಳ ಕರಾರು ಇದ್ದರೆ ಮಾಲೀಕರು ಪೂರ್ತಿ ಬಾಡಿಗೆಯನ್ನು ನಿಮ್ಮಿಂದಲೇ ಕೇಳುವ ಸಾಧ್ಯತೆ ಹೆಚ್ಚು. ಅವರು ಹೋದ ದಿನಾಂಕವನ್ನು ಆ ವಾರವೇ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಹೊಸ ಕರಾರು ಕೇಳಿ, ಬೀಗ ಬದಲಾಯಿಸಿಕೊಡಲು ಹೇಳಿ. ಅಡ್ವಾನ್ಸ್‌ನಲ್ಲಿ ಅವರ ಪಾಲನ್ನು ನಿಮ್ಮ ವಸ್ತುವಿನ ಬೆಲೆಗೆ ಹಿಡಿದುಕೊಳ್ಳುವುದು ಸಹಜ ಆಸೆ. ಆದರೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ಆ ಲೆಕ್ಕ ನಿಮ್ಮ ಕೈಯಲ್ಲಿಲ್ಲ. ಕೇಸ್ ಇತ್ಯರ್ಥವಾಗುವವರೆಗೆ ಅವರ ಪಾಲು ಯಾರಿಗೂ ಕೊಡದೆ ಇಟ್ಟುಕೊಳ್ಳಲು ಎಫ್‌ಐಆರ್ ಪ್ರತಿ ತೋರಿಸಿ ಮಾಲೀಕರನ್ನು ಕೇಳಬಹುದು. ಕೈಸಾಲ, ಬಿಲ್ ಪಾಲಿನಂಥ ಸಿವಿಲ್ ಬಾಕಿಗೆ ವಕೀಲರ ನೋಟಿಸ್, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಲೋಕ ಅದಾಲತ್‌ಗೆ ವ್ಯಾಜ್ಯಪೂರ್ವ ಅರ್ಜಿ, ಕೋರ್ಟ್ ಶುಲ್ಕವಿಲ್ಲ. ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಮಿತಿ.

ಅವರು ಬಿಟ್ಟುಹೋದ ಹಾಸಿಗೆ, ಬಟ್ಟೆ, ಪುಸ್ತಕಗಳನ್ನು ಸಿಟ್ಟಿನಲ್ಲಿ ಬೀದಿಗೆ ಎಸೆಯಬೇಡಿ, ಮಾರಬೇಡಿ. ಮಾಲೀಕರ ಎದುರು ವಿಡಿಯೊ ಮಾಡಿ, ಪಟ್ಟಿ ಬರೆದು, ಒಂದು ಚೀಲದಲ್ಲಿ ಕಟ್ಟಿ ಅವರ ವಶಕ್ಕೆ ಕೊಟ್ಟು ಸಹಿ ತೆಗೆದುಕೊಳ್ಳಿ. ಆ ಚೀಲದಲ್ಲಿ ನಿಮ್ಮದೇ ವಸ್ತು ಸಿಕ್ಕಿದರೆ ಎತ್ತಿಕೊಳ್ಳದೆ, ಇದ್ದಲ್ಲೇ ಬಿಟ್ಟು, ತನಿಖಾಧಿಕಾರಿಗೆ ಕರೆ ಮಾಡಿ.